ಕೊನೆಗೆ ಕೂತವಳ ತಟ್ಟೆಯ ಲೆಕ್ಕ

ಈ ಸಲ ಅಡುಗೆ ಹೇಳಿಕೊಡುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ನಿನ್ನೆ ರಾತ್ರಿ ನೀವು ಏನು ಊಟ ಮಾಡಿದಿರಿ? ಮನೆಯವರಿಗೆ ಏನು ಬಡಿಸಿದಿರಿ ಎಂದು ಕೇಳುತ್ತಿಲ್ಲ, ಅದು ನಿಮಗೆ ಬಾಯಿಪಾಠ. ಯಜಮಾನರಿಗೆ ಎಷ್ಟು ಮುದ್ದೆ, ಮಗನಿಗೆ ಯಾವ ಪಲ್ಯ ಸೇರುವುದಿಲ್ಲ, ಅತ್ತೆಯವರ ಸಾರಿಗೆ ಎಷ್ಟು ಉಪ್ಪು, ಎಲ್ಲಾ ನಾಲಿಗೆ ತುದಿಯಲ್ಲೇ ಇರುತ್ತದೆ. ನೀವು ಏನು ತಿಂದಿರಿ, ಎಷ್ಟು ತಿಂದಿರಿ, ಅದನ್ನು ಹೇಳಿ ನೋಡೋಣ. "ಏನೋ ಉಳಿದಿತ್ತು, ತಿಂದೆ" ಅಂತೀರಲ್ಲವೇ? ನಾನೂ ಹಾಗೇ ಅಂದೆ.

ನನ್ನನ್ನು ಈ ಪ್ರಶ್ನೆ ಕೇಳಿದ್ದು ನನ್ನ ತಂಗಿಯ ಮಗಳು. ಇಲ್ಲೇ ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಪರೀಕ್ಷೆಗೆ ಮುಂಚೆ ಒಂದು ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕಂತೆ. ಇವಳು ಆರಿಸಿಕೊಂಡದ್ದು ಊಟದ ಕ್ಯಾಲೊರಿ ಲೆಕ್ಕ ಇಡುವ ಪ್ರೋಗ್ರಾಮು. ಫೋನಿನಲ್ಲಿ ತಿಂದದ್ದನ್ನು ಬರೆದರೆ ದಿನದ ಕೊನೆಗೆ ಮೊತ್ತ ಹೇಳಬೇಕು, ಅದೂ ಕನ್ನಡದಲ್ಲಿ. ಒಂದು ಭಾನುವಾರ ನೋಟ್‌ಬುಕ್ಕು, ಪೆನ್ಸಿಲು ಹಿಡಿದು ನನ್ನ ಅಡುಗೆಮನೆ ಕಟ್ಟೆಯ ಮೇಲೆ ಬಂದು ಕೂತಳು.

"ದೊಡ್ಡಮ್ಮ, ಪ್ರೋಗ್ರಾಮು ಬರೆಯೋಕ್ಕಿಂತ ಮುಂಚೆ ರಿಕ್ವೈರ್‌ಮೆಂಟ್ ಬರೀಬೇಕು. ಯಾರಿಗೆ ಬೇಕು, ಏನು ಬೇಕು, ಏನು ಬೇಡ ಅಂತ. ನೀನು ಹೇಳ್ತಾ ಹೋಗು."

"ಮದುವೆ ಪಟ್ಟಿ ಮಾಡಿದ ಹಾಗೆ ಅನ್ನು" ಅಂದೆ. ಅವಳಿಗೆ ನಗು ಬಂತು. ಆದರೆ ಆಮೇಲೆ ಒಂದೂವರೆ ತಿಂಗಳು ನಾವು ಮಾಡಿದ್ದು ಅದನ್ನೇ. ಎಷ್ಟು ಪಂಕ್ತಿ, ಯಾರು ಮೊದಲು ಕೂರುವುದು, ಬಾಣಂತಿ ಯಾರು, ಪಥ್ಯದವರು ಯಾರು ಎಂದು ವಿಚಾರಿಸದೆ ಯಾವ ಅಡುಗೆಭಟ್ಟನಾದರೂ ಒಲೆ ಹಚ್ಚುತ್ತಾನೆಯೇ? ಈ ಹುಡುಗಿ ಮಾತ್ರ ಒಲೆ ಹಚ್ಚಿಬಿಟ್ಟಿದ್ದಳು. ಮೊದಲ ಪುಟದಲ್ಲಿ "ಬಳಸುವವರು: ತೂಕ ಇಳಿಸಬೇಕಾದವರು" ಎಂದು ಬರೆದುಕೊಂಡೇ ಬಂದಿದ್ದಳು. ಆ ಸಾಲು ಮುಂದೆ ಏನಾಯಿತು ಎಂದು ಹೇಳುತ್ತೇನೆ.

ಕ್ಯಾಲೊರಿ ಎಂದರೆ ಏನೋ ಇಂಗ್ಲಿಷ್ ಗುಮ್ಮ ಎಂದು ಹೆದರಬೇಡಿ. ಅದು ಶಾಖದ ಅಳತೆ, ಹಾಲಿಗೆ ಲೀಟರ್ ಇದ್ದ ಹಾಗೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖಕ್ಕೆ ನಾವು ಊಟದ ಲೆಕ್ಕದಲ್ಲಿ ಒಂದು ಕ್ಯಾಲೊರಿ ಎನ್ನುತ್ತೇವೆ. ಒಂದು ಹಿಡಿ ಹಸಿ ಕಾಯಿತುರಿ, ಅಂದರೆ ಸುಮಾರು 20 ಗ್ರಾಂ, ಅದರಲ್ಲಿ 89 ಕ್ಯಾಲೊರಿ ಇದೆ. ಒಂದು ಲೀಟರ್ ತಣ್ಣೀರನ್ನು ಮರಳಿಸಲು ಅಷ್ಟು ಸಾಕು! ನಮ್ಮ ಮೈಯೂ ಒಂದು ಒಲೆಯೇ. ನಿದ್ದೆ ಮಾಡುವಾಗಲೂ ಆರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಅಟ್‌ವಾಟರ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ಕೊಟ್ಟದ್ದನ್ನೇ ಇಂದಿಗೂ ಬಳಸುತ್ತಾರೆ. ಒಂದು ಗ್ರಾಂ ಪಿಷ್ಟಕ್ಕೆ 4, ಒಂದು ಗ್ರಾಂ ಸಸಾರಜನಕಕ್ಕೆ 4, ಒಂದು ಗ್ರಾಂ ಜಿಡ್ಡಿಗೆ 9. ಎಣ್ಣೆ, ತುಪ್ಪ, ಕೊಬ್ಬರಿ ಯಾಕೆ ಅಷ್ಟು ಬೇಗ ಮೈಗೆ ಹತ್ತುತ್ತದೆ ಎನ್ನುವುದು ಇಷ್ಟರಲ್ಲೇ ತಿಳಿಯಿತಲ್ಲ.

ಯಾವ ಧಾನ್ಯದಲ್ಲಿ ಎಷ್ಟು ಎನ್ನುವುದನ್ನು ನಾವು ಊಹಿಸಬೇಕಾಗಿಲ್ಲ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಚಿಕ್ಕದಾಗಿ ಆರಂಭಿಸಿದ್ದು, 1958ರಲ್ಲಿ ಹೈದರಾಬಾದಿಗೆ ಬಂತು. ಅಲ್ಲಿಂದ 1971ರಲ್ಲಿ ಗೋಪಾಲನ್, ರಾಮಶಾಸ್ತ್ರಿ, ಬಾಲಸುಬ್ರಮಣಿಯನ್ ಎಂಬ ಮೂವರು ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಪುಸ್ತಕ ತಂದರು. ಗೃಹವಿಜ್ಞಾನ ಓದಿದ ನಿಮ್ಮಲ್ಲಿ ಕೆಲವರ ಕಪಾಟಿನಲ್ಲಿ ಅದು ಈಗಲೂ ಇರಬಹುದು, ತೆಗೆದು ನೋಡಿ. 100 ಗ್ರಾಂ ರಾಗಿಗೆ 328, ಅಕ್ಕಿಗೆ 345, ಜೋಳಕ್ಕೆ 349, ತೊಗರಿಬೇಳೆಗೆ 335, ಕಡಲೆಕಾಯಿ ಬೀಜಕ್ಕೆ 567, ಒಣಕೊಬ್ಬರಿಗೆ 662, ಬೆಲ್ಲಕ್ಕೆ 383. ಅದೇ ಸಂಸ್ಥೆ 2017ರಲ್ಲಿ 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿ ಹೊಸ ಕೋಷ್ಟಕ ಪ್ರಕಟಿಸಿತು. 2019ರಲ್ಲಿ ತನ್ನದೇ ಒಂದು ಫೋನ್ ಪ್ರೋಗ್ರಾಮನ್ನೂ ತಂದಿತು.

ನಮ್ಮ ಹುಡುಗಿ ಹೊಸತೇ ಬೇಕೆಂದು 2017ರ ಕೋಷ್ಟಕ ಹಿಡಿದಳು. ರಾಗಿಯ ಸಾಲಿನಲ್ಲಿ 1342 ಎಂದಿತ್ತು. ಹಾಗೇ ಇಳಿಸಿಕೊಂಡಳು. ಸಂಜೆಗೆ ಪ್ರೋಗ್ರಾಮು ಎರಡು ಮುದ್ದೆ ಉಂಡ ನಮ್ಮ ಯಜಮಾನರಿಗೆ ಇಡೀ ದಿನದ ಊಟ ಒಂದೇ ಹೊತ್ತಿಗೆ ಆಯಿತು ಎಂದು ಹೇಳಿತು! ಅವರು "ನಾಳೆ ನನಗೆ ಅಡುಗೆ ಬೇಡವೋ?" ಅಂದರು. ಹುಡುಕಿದಾಗ ಗೊತ್ತಾಯಿತು, ಹೊಸ ಕೋಷ್ಟಕದಲ್ಲಿ ಕ್ಯಾಲೊರಿ ಇಲ್ಲ, ಕಿಲೋಜೂಲ್ ಇದೆ. 4.184ರಿಂದ ಭಾಗಿಸಬೇಕು. ಭಾಗಿಸಿದರೆ 321. ಹಳೆಯ ಪುಸ್ತಕದ 328ಕ್ಕೂ ಇದಕ್ಕೂ ವ್ಯತ್ಯಾಸ ಏಳೇ ಏಳು. ಆ ದಿನ ನೋಟ್‌ಬುಕ್ಕಿಗೆ ಒಂದು ಸಾಲು ಸೇರಿತು: ಪ್ರತಿಯೊಂದು ಅಂಕಿಯ ಪಕ್ಕ ಅದು ಯಾವ ಪುಸ್ತಕದ್ದು, ಯಾವ ಅಳತೆಯದು ಎಂದು ಬರೆದಿರಬೇಕು. ಗೊಂದಲ ಬೇಡವೆಂದು ನಾವು 1971ರ ಅಂಕಿಗಳನ್ನೇ ಇಟ್ಟುಕೊಂಡೆವು. ಇಲ್ಲಿ ನಾನು ಹೇಳುವುದೆಲ್ಲ ಆ ಲೆಕ್ಕವೇ.

ಇನ್ನು ಮುದ್ದೆಯ ಕಥೆ. "ಒಂದು ಮುದ್ದೆ ಅಂದ್ರೆ ಎಷ್ಟು?" ಎಂದು ಅವಳು ಕೇಳಿದಾಗ ನಾನು ಕೈ ಚಾಚಿ ಇಷ್ಟು ಎಂದು ತೋರಿಸಿದೆ. ಕಂಪ್ಯೂಟರಿಗೆ ಕೈ ತೋರಿಸಿದರೆ ಆಗುತ್ತದೆಯೇ? ತಕ್ಕಡಿ ತಂದೆವು. 400 ಗ್ರಾಂ ಹಿಟ್ಟಿಗೆ ಐದು ಮುದ್ದೆ ಬಂತು, ಒಂದೊಂದು 240 ಗ್ರಾಂ ತೂಗಿತು. ಅದರಲ್ಲಿ ಹಿಟ್ಟು 80 ಗ್ರಾಂ, ಉಳಿದದ್ದೆಲ್ಲ ನೀರು. ನೀರಿಗೆ ಕ್ಯಾಲೊರಿ ಇಲ್ಲ. ಹಾಗಾಗಿ ನಮ್ಮ ಮನೆಯ ಮುದ್ದೆಗೆ 262. ಮುಂದಿನ ವಾರ ಹಿರಿಯೂರಿನ ನನ್ನ ಓರಗಿತ್ತಿಯ ಮನೆಗೆ ಹೋದೆವು. ಅವರದು ತೋಟದ ಮನೆ, ಆಳುಕಾಳಿನ ಊಟ. ಅಲ್ಲಿನ ಮುದ್ದೆ 375 ಗ್ರಾಂ! ಹಿಟ್ಟು 125 ಗ್ರಾಂ, ಅಂದರೆ 410 ಕ್ಯಾಲೊರಿ. ನೋಡಿ, ಎರಡು ಪುಸ್ತಕಗಳ ನಡುವೆ ಏಳರ ವ್ಯತ್ಯಾಸವೆಂದು ತಲೆ ಕೆಡಿಸಿಕೊಂಡೆವು, ಎರಡು ಅಡುಗೆಮನೆಗಳ ನಡುವೆ ಒಂದು ಮುದ್ದೆಗೇ ನೂರೈವತ್ತರ ವ್ಯತ್ಯಾಸ ಕೂತಿತ್ತು. "ಮುದ್ದೆ, ಒಂದು" ಎಂದು ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಕೂತವರು ಒಂದೇ ಅಂಕಿ ಬರೆದಿಟ್ಟರೆ ಅದು ಯಾರ ಮನೆಯ ಮುದ್ದೆ? ಆದ್ದರಿಂದ ನಮ್ಮ ಪ್ರೋಗ್ರಾಮು ಶುರುವಿನಲ್ಲೇ ಕೇಳುತ್ತದೆ: ಎಷ್ಟು ಹಿಟ್ಟು ಹಾಕುತ್ತೀರಿ, ಎಷ್ಟು ಮುದ್ದೆ ಕಟ್ಟುತ್ತೀರಿ? ಒಂದು ಸಲ ಹೇಳಿದರೆ ಸಾಕು, ಆ ಮನೆಯ ಮುದ್ದೆ ಅದಕ್ಕೆ ನೆನಪಿರುತ್ತದೆ. ಸೌಟು, ಲೋಟ, ಬಟ್ಟಲು ಇವಕ್ಕೂ ಹಾಗೇ. ಪಾವು, ಚಟಾಕು ಎಂದರೂ ಅದಕ್ಕೆ ತಿಳಿಯಬೇಕು ಎಂದು ನಾನು ಹಟ ಹಿಡಿದೆ. ನನ್ನ ವಯಸ್ಸಿನವರಿಗೆ ಪಾವು ಬಿಟ್ಟು ಅಕ್ಕಿ ಅಳೆಯಲು ಕೈ ಬರುವುದಿಲ್ಲ.

ಹಿರಿಯೂರಿಗೆ ಹೋದದ್ದು ಮುದ್ದೆ ತೂಗುವುದಕ್ಕೆ ಮಾತ್ರ ಅಲ್ಲ. ಓರಗಿತ್ತಿಗೆ ಸಕ್ಕರೆ ಕಾಯಿಲೆ, ತೂಕ 82 ಕಿಲೋ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಯಿತು, ಇವಳು ಮಾತ್ರ ಮೆಟ್ಟಿಲು ಹತ್ತಲಾರೆನೆಂದು ಮನೆಯಲ್ಲೇ ಉಳಿದಳು. "ನಾನು ಏನೂ ತಿನ್ನಲ್ಲ ಕಣಕ್ಕ, ಗಾಳಿ ಕುಡಿದರೂ ಊದ್ತೀನಿ" ಅನ್ನುತ್ತಾಳೆ. ಮೂರು ದಿನ ಪ್ರೋಗ್ರಾಮಿನಲ್ಲಿ ಬರೆಸಿದೆವು. ದಿನಕ್ಕೆ 1350 ಬಂತು. ಹುಡುಗಿ ತಲೆ ಕೆರೆದುಕೊಂಡಳು, ಇಷ್ಟೇ ತಿನ್ನುವವರು ದಪ್ಪಗಾಗುವುದು ಹೇಗೆ?

ನನಗೆ ನಗು ಬಂತು. ನಾನು ಅಡುಗೆಮನೆಯಲ್ಲಿ ನಲವತ್ತು ವರ್ಷ ಕಳೆದವಳು. ನಾಲ್ಕನೆಯ ದಿನ ಅವಳ ಜೊತೆಯಲ್ಲೇ ಕೂತು ಕೈಯನ್ನು ನೋಡುತ್ತಾ ಇದ್ದೆ. ಚಟ್ನಿಪುಡಿಗೆ ಕಡಲೆಕಾಯಿ ಹುರಿದು ಸಿಪ್ಪೆ ತೆಗೆಯುವಾಗ ಬಾಯಿಗೆ ಹೋದದ್ದು ಸುಮಾರು 40 ಗ್ರಾಂ, ಅದೇ 227 ಆಯಿತು. ಮೊಮ್ಮಗ ಅರ್ಧ ಬಿಟ್ಟ ದೋಸೆ. ಪಾತ್ರೆ ತಳದ ಅನ್ನ, "ಚೆಲ್ಲೋಕೆ ಮನಸ್ಸು ಬರಲ್ಲ". ಹಾಲಿನ ಕೆನೆ. ಬಂದವರ ಜೊತೆ ಎರಡು ಸಲ ಕಾಫಿ. ಎಲ್ಲ ಸೇರಿ ಆರುನೂರ ಚಿಲ್ಲರೆ. ಇದಾವುದನ್ನೂ ಅವಳು ಬರೆದಿರಲಿಲ್ಲ. ಸುಳ್ಳು ಹೇಳಬೇಕೆಂದಲ್ಲ. ತಟ್ಟೆ ಹಾಕಿಕೊಂಡು ಕೂತು ತಿಂದದ್ದು ಮಾತ್ರ ಊಟ ಎಂದು ಅವಳೂ, ನೀವೂ, ನಾನೂ ನಂಬಿಕೊಂಡಿದ್ದೇವೆ. ಪ್ರೋಗ್ರಾಮಿನಲ್ಲಿ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಎಂದು ಮೂರೇ ಮನೆ ಇದ್ದವು. ನಾಲ್ಕನೆಯದನ್ನು ನಾನು ಸೇರಿಸಿದೆ, ಹೆಸರು "ಉಳಿದದ್ದು ಬಳಿದದ್ದು". ಅದಕ್ಕೆ ತೂಕ ಬರೆಯುವುದು ಬೇಡ. ಒಂದು ಹಿಡಿ, ಅರ್ಧ ದೋಸೆ, ಒಂದು ಸೌಟು ಎಂದು ಒತ್ತಿದರೆ ಸಾಕು.

ಎಣ್ಣೆಯ ವಿಷಯದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಜಗಳವಾಯಿತು. ಒಗ್ಗರಣೆಗೆ ಎಷ್ಟು ಚಮಚ ಎಂದು ಪ್ರತಿ ಅಡುಗೆಗೂ ಕೇಳಬೇಕು ಎಂದು ಅವಳ ವಾದ. ಯಾವ ಹೆಂಗಸು ಚಮಚದಲ್ಲಿ ಎಣ್ಣೆ ಹಾಕುತ್ತಾಳೆ ಹೇಳಿ? ಸೊರ್ ಎಂದು ಸುರಿಯುತ್ತೇವೆ. ಕೇಳಿದರೆ ಎಲ್ಲರೂ ಎರಡು ಚಮಚ ಎಂದೇ ಬರೆಯುವುದು. ನಾನು ಹೇಳಿದೆ, ದಿನಸಿ ಚೀಟಿ ನೋಡು. ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 24 ಗ್ರಾಂ, ಹತ್ತಿರ ಹತ್ತಿರ 220 ಕ್ಯಾಲೊರಿ. ಒಗ್ಗರಣೆ, ಹಪ್ಪಳ, ಬೋಂಡ ಎಲ್ಲ ಅದರೊಳಗೇ ಬಂತು. ಚಮಚದ ಲೆಕ್ಕ ಸುಳ್ಳು ಹೇಳಬಹುದು, ಅಂಗಡಿ ಚೀಟಿ ಹೇಳುವುದಿಲ್ಲ. ಸಕ್ಕರೆ, ಬೆಲ್ಲ, ತುಪ್ಪಕ್ಕೂ ಇದೇ ದಾರಿ. ಕೊನೆಗೆ ಒಪ್ಪಿಕೊಂಡಳು.

ಹೊಸದುರ್ಗದಲ್ಲಿ ನನ್ನ ಬಾಲ್ಯದ ಗೆಳತಿ ಇದ್ದಾಳೆ. ಮನೆ ಸುತ್ತ ತೆಂಗು, ಅಡುಗೆಗೆಲ್ಲ ಕಾಯಿ. ನಾವು ಹೋದ ದಿನ ಸಾರಿಗೆ ಅರ್ಧ ಹೋಳು ತುರಿದಳು, ತೂಗಿದರೆ 100 ಗ್ರಾಂ, 444 ಕ್ಯಾಲೊರಿ. ಐದು ಜನಕ್ಕೆ ಹಂಚಿದರೆ ತಲೆಗೆ 89. ಅಂಥ ಹೆದರುವಂಥದ್ದೇನೂ ಅಲ್ಲ. ಆ ಸೀಮೆಯಲ್ಲಿ ಸಾಮೆ ಬೆಳೆಯುತ್ತಾರೆ, ಸಾವೆ ಅಂತಲೂ ಅಂತೀರಿ. ಈಗ ಸಿರಿಧಾನ್ಯವೆಂದು ಪಟ್ಟಣದವರು ಹುಡುಕಿಕೊಂಡು ಕೊಳ್ಳುತ್ತಾರೆ. ಗೆಳತಿಯ ಸೊಸೆ ಅಕ್ಕಿ ಬಿಟ್ಟು ಸಾಮೆ ಅನ್ನ ಶುರು ಮಾಡಿದ್ದಾಳೆ, "ಎಷ್ಟು ತಿಂದರೂ ದಪ್ಪ ಆಗಲ್ವಂತೆ ಆಂಟಿ" ಅಂದಳು. ಪುಸ್ತಕ ತೆಗೆದು ತೋರಿಸಿದೆ. 100 ಗ್ರಾಂ ಸಾಮೆಗೆ 341, ನವಣೆಗೆ 331, ಅಕ್ಕಿಗೆ 345. ಸಾಮೆಯಲ್ಲಿ ನಾರು ಹೆಚ್ಚು, ಬೇಗ ಹೊಟ್ಟೆ ತುಂಬುತ್ತದೆ, ಅದು ಒಳ್ಳೆಯದೇ. ಎಷ್ಟು ತಿಂದರೂ ಎಂಬ ಮಾತು ಮಾತ್ರ ಸಲ್ಲದು. ಪಾಪ, ಮುಖ ಸಪ್ಪಗಾಯಿತು. ಆದರೂ ಸಾಮೆ ಪಾಯಸ ಮಾಡಿ ಬಡಿಸಿದಳು, ಬಹಳ ಚೆನ್ನಾಗಿತ್ತು, ಇನ್ನೊಮ್ಮೆ ಬರೆಯುತ್ತೇನೆ.

ಅಷ್ಟು ಹೊತ್ತಿಗೆ ನೋಟ್‌ಬುಕ್ಕು ಅರ್ಧ ತುಂಬಿತ್ತು. ಅದನ್ನೆಲ್ಲ ಹೇಗೆ ಜೋಡಿಸುವುದು ಎಂದು ಹುಡುಗಿ ಚೌಕ ಬರೆದು, ಬಾಣ ಎಳೆದು ಒದ್ದಾಡುತ್ತಿದ್ದಳು. ನನ್ನ ಒಗ್ಗರಣೆ ಡಬ್ಬಿ ತೆಗೆದು ಮುಂದಿಟ್ಟೆ. ಸಾಸಿವೆ ಒಂದರಲ್ಲಿ, ಜೀರಿಗೆ ಒಂದರಲ್ಲಿ, ಮೆಂತ್ಯ ಒಂದರಲ್ಲಿ. ಬೆರೆಯಬಾರದು. ಹಾಗೇ, ಪುಸ್ತಕದ ಅಂಕಿ ಒಂದು ಬಟ್ಟಲು. ಮನೆಯ ಅಳತೆ ಇನ್ನೊಂದು. ಅಡುಗೆಯ ವಿಧಾನ, ಅಂದರೆ ಈ ಮನೆಯ ಸಾರಿಗೆ ಎಷ್ಟು ಬೇಳೆ ಎಷ್ಟು ಕಾಯಿ ಎಂಬುದು, ಮೂರನೆಯದು. ಉಣ್ಣುವವರು ನಾಲ್ಕನೆಯದು. ದಿನದ ಲೆಕ್ಕ ಐದನೆಯದು. ನಾಳೆ ರಾಗಿಯ ಅಂಕಿ ಬದಲಾದರೆ ಒಂದೇ ಬಟ್ಟಲಿಗೆ ಕೈ ಹಾಕಿದರಾಯಿತು. "ಇದನ್ನೇ ನಮ್ಮ ಸರ್ ಒಂದು ಸೆಮಿಸ್ಟರ್ ಪಾಠ ಮಾಡಿದ್ರು ದೊಡ್ಡಮ್ಮ" ಅಂದಳು. ಒಂದು ಎಚ್ಚರಿಕೆ ಮಾತ್ರ ಅವಳೇ ಕಂಡುಕೊಂಡದ್ದು. ಈ ತಿಂಗಳು ಸಾರಿಗೆ ಕಾಯಿ ಕಡಿಮೆ ಮಾಡಿದೆವು ಎಂದು ವಿಧಾನ ತಿದ್ದಿದರೆ ಹೋದ ತಿಂಗಳ ಲೆಕ್ಕವೂ ತಾನಾಗಿ ಬದಲಾಗಿಬಿಡುತ್ತಿತ್ತು. ಆಗ ತಿಂದದ್ದು ತಿಂದ ಹಾಗೇ ಇರಬೇಕಲ್ಲ! ಶೆಟ್ಟರ ಖಾತೆ ಪುಸ್ತಕದಲ್ಲಿ ಇವತ್ತು ಬೇಳೆ ದರ ಇಳಿಯಿತೆಂದು ಹೋದ ತಿಂಗಳ ಬಾಕಿ ಇಳಿಸುತ್ತಾರೆಯೇ? ಆ ದಿನದ ಅಂಕಿ ಆ ದಿನದ ಪುಟದಲ್ಲೇ ಉಳಿಯುವ ಹಾಗೆ ಮಾಡಿದಳು.

ಈಗ ಹೊಳಲ್ಕೆರೆ. ಇದನ್ನು ಬರೆಯಬೇಕೆಂದೇ ಈ ಸಲ ಪೆನ್ನು ಹಿಡಿದದ್ದು.

ಹೊಳಲ್ಕೆರೆಯಲ್ಲಿ ನನ್ನ ನಾದಿನಿಯ ಮನೆ. ಬಯಲು ಗಣಪನಿಗೆ ಕೈಮುಗಿದು ಹೋದೆವು. ನಾದಿನಿಯ ಸೊಸೆಗೆ ನಾಲ್ಕು ತಿಂಗಳ ಕೂಸು. ಬಾಣಂತನ ಮುಗಿಸಿ ತವರಿನಿಂದ ಬಂದು ಒಂದು ತಿಂಗಳಾಗಿತ್ತು. ಹುಡುಗಿ ಬಿಳುಚಿಕೊಂಡಿದ್ದಳು. ಬಗ್ಗಿ ಎದ್ದರೆ ತಲೆ ಸುತ್ತು. ನಾದಿನಿ "ಯಾರದೋ ದೃಷ್ಟಿ ತಾಗಿದೆ ಅತ್ತಿಗೆ, ನಿವಾಳಿಸಿ ನಿವಾಳಿಸಿ ಸಾಕಾಯ್ತು" ಅಂದಳು.

ಮಧ್ಯಾಹ್ನ ಎಲ್ಲರದೂ ಊಟವಾದ ಮೇಲೆ ಆ ಸೊಸೆ ನಮ್ಮ ಹುಡುಗಿಯ ಪಕ್ಕ ಕೂತು ಮೆಲ್ಲಗೆ ತನ್ನ ಫೋನು ತೋರಿಸಿದಳು. ಅವಳ ಬಳಿಯೂ ಒಂದು ಕ್ಯಾಲೊರಿ ಪ್ರೋಗ್ರಾಮು ಇತ್ತು! ಹೆರಿಗೆಯ ಹೊಟ್ಟೆ ಇಳಿಯಲಿ ಎಂದು ಯಾರೋ ಗೆಳತಿ ಹೇಳಿ ಹಾಕಿಸಿದ್ದು. ವಯಸ್ಸು, ಎತ್ತರ, ತೂಕ, ಎಷ್ಟು ಇಳಿಯಬೇಕು ಎಂದು ಕೇಳಿತಂತೆ. ದಿನಕ್ಕೆ 1200 ಎಂದು ಗುರಿ ಕೊಟ್ಟಿತಂತೆ. "ನಾನು ದಿನಾ ಒಳಗೇ ಇದೀನಿ ಅತ್ತೆ, ನೋಡಿ" ಎಂದು ನನಗೂ ತೋರಿಸಿದಳು. ಸಾಲು ಸಾಲು ಹಸಿರು ಚುಕ್ಕೆ. ಪ್ರತಿ ರಾತ್ರಿ ಶಹಭಾಷ್!

ನಾವು ತಕ್ಕಡಿ ತೆಗೆದು ಆ ದಿನದ ಲೆಕ್ಕ ಹಾಕಿದೆವು. ಎರಡು ಲೋಟ ಕಾಫಿ, 210. ಒಂದು ಚಿಕ್ಕ ತಟ್ಟೆ ಉಪ್ಪಿಟ್ಟು, 185. ಮಧ್ಯಾಹ್ನ ಎಲ್ಲರ ನಂತರ ಕೂತಾಗ ಅನ್ನ ಇತ್ತು, ಪಲ್ಯ ಮುಗಿದಿತ್ತು, ಸಾರಿನ ತಿಳಿ ಮೇಲೆ ಉಳಿದು ಬೇಳೆ ಆಗಲೇ ಎಲ್ಲರ ತಟ್ಟೆಗೆ ಹೋಗಿತ್ತು. ಅದಕ್ಕೆ 355. ರಾತ್ರಿ ಅರ್ಧ ಮುದ್ದೆ, ಒಂದು ಹಿಡಿ ಅನ್ನ, ತಿಳಿಸಾರು, ಸುಮಾರು 330. ಸ್ವಲ್ಪ ಮೊಸರು, 30. ಎಲ್ಲ ಸೇರಿ 1110.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವುದು ಇದು: 55 ಕಿಲೋ ತೂಕದ ಹೆಂಗಸಿಗೆ ಕೂತು ಮಾಡುವ ಕೆಲಸವಾದರೆ 1660, ಸಾಧಾರಣ ಮೈಮುರಿಯುವ ಕೆಲಸವಾದರೆ 2130, ಕಷ್ಟದ ದುಡಿಮೆಗೆ 2720. ಬಸುರಿಯಾದರೆ ಮೇಲೆ 350. ಮಗುವಿಗೆ ಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ಮೇಲೆ 600, ನಂತರದ ಆರು ತಿಂಗಳು 520. ಅಂದರೆ ಈ ಹುಡುಗಿ ಏನೂ ಕೆಲಸ ಮಾಡದೆ ಕೂತಿದ್ದರೂ 2260 ಬೇಕು. ಅವಳು ಕೂತಿರಲಿಲ್ಲ ಬಿಡಿ. ಬೇಕಾದುದರ ಅರ್ಧ ತಿನ್ನುತ್ತಿದ್ದಳು. ಹಾಲು ನಿಂತಿರಲಿಲ್ಲ, ಕೂಸು ಗುಂಡುಗುಂಡಾಗೇ ಇತ್ತು. ಅದೇ ಮೋಸ. ತಿಂದದ್ದರಲ್ಲಿ ಸಾಲದೆ ಬಂದದ್ದನ್ನು ತಾಯಿಯ ಮೈ ತನ್ನಿಂದಲೇ ತೆಗೆದು ಕೊಡುತ್ತದೆ.

ಆ ಪ್ರೋಗ್ರಾಮಿನ ಕೂಡುವ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ, "ಮಗುವಿಗೆ ಹಾಲು ಕೊಡುತ್ತಿದ್ದೀಯಾ ತಾಯಿ?" ಎಂದು. ಮಾಡಿದವರು ತಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಏನು ಬರೆದುಕೊಂಡಿದ್ದರೋ! ನನ್ನ ತಂಗಿಯ ಮಗಳು ಏನೂ ಮಾತಾಡಲಿಲ್ಲ. ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ಮೊದಲ ಪುಟದ "ತೂಕ ಇಳಿಸಬೇಕಾದವರು" ಎಂಬ ಸಾಲನ್ನು ಗೀಚಿ ಹಾಕಿದಳು. ಅದರ ಕೆಳಗೆ ಬರೆದದ್ದನ್ನು ನಾನು ಇಣುಕಿ ನೋಡಿದೆ: ಬಸುರಿಯೇ? ಹಾಲೂಡಿಸುವವಳೇ? ಹದಿನೆಂಟು ತುಂಬಿದೆಯೇ? ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಳ್ಳುತ್ತೀರಾ? ಇವಕ್ಕೆ ಉತ್ತರ ಬರುವವರೆಗೆ ಪ್ರೋಗ್ರಾಮು ಒಂದೂ ಅಂಕಿ ತೋರಿಸಕೂಡದು. ಬಸುರಿ, ಬಾಣಂತಿ, ಬೆಳೆಯುವ ಮಕ್ಕಳಿಗೆ ಇಳಿಸುವ ಗುರಿ ಕೊಡಲೇಕೂಡದು. ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕೇಳಿ ಎಂದು ಹೇಳಬೇಕು.

ಹಸಿರು ಕೆಂಪು ಬಣ್ಣಗಳನ್ನೂ ಆ ದಿನವೇ ತೆಗೆಸಿದೆ. ಕಡಿಮೆ ತಿಂದರೆ ಶಹಭಾಷ್, ಹೆಚ್ಚು ತಿಂದರೆ ಕೆಂಪು ಕಣ್ಣು, ಇದನ್ನು ನಮಗೆ ಹೇಳುವವರು ಮನೆಯಲ್ಲಿ ಸಾಕಷ್ಟು ಜನ ಇದ್ದಾರೆ. ಬದಲಿಗೆ ಎರಡು ಕಡೆಗೂ ಗೆರೆ ಇರಲಿ, ಇದಕ್ಕಿಂತ ಮೇಲೆ ಬೇಡ, ಇದಕ್ಕಿಂತ ಕೆಳಗೂ ಬೇಡ ಎಂದು. ಮತ್ತೊಂದು ಮಾತು. ಅನೇಕ ಮನೆಗಳಲ್ಲಿ ಫೋನು ಗಂಡನದೋ ಮಗನದೋ ಆಗಿರುತ್ತದೆ. ಹೆಂಗಸು ಏನು ತಿಂದಳೆಂದು ಇಡೀ ಮನೆ ಓದುವ ಹಾಗಿದ್ದರೆ ಅವಳು ನಿಜ ಬರೆಯುತ್ತಾಳೆಯೇ? ಪ್ರತಿಯೊಬ್ಬರ ಪುಟಕ್ಕೂ ಬೇರೆ ಬೀಗ ಇಟ್ಟಿದ್ದಾಳೆ.

ಹೊಳಲ್ಕೆರೆಯ ಸೊಸೆಗೆ ಏನು ಮಾಡಿದೆವು ಎಂದು ಕೇಳುತ್ತೀರಿ. ಮೊದಲು ಡಾಕ್ಟರಿಗೆ ತೋರಿಸಿದರು. ರಕ್ತ ಕಡಿಮೆ ಎಂದು ಮಾತ್ರೆ ಬರೆದುಕೊಟ್ಟರು. ಊಟಕ್ಕೆ ನಾವು ಸೇರಿಸಿದ್ದು ಇದು: ಇನ್ನೊಂದು ಮುದ್ದೆಯಷ್ಟು ರಾಗಿ, ಅದನ್ನು ಬೆಳಿಗ್ಗೆ ಅಂಬಲಿ ಮಾಡಿ ಕುಡಿದರೂ ಆಯಿತು, 262. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಚೂರು ಬೆಲ್ಲ, 227. ಎರಡು ಲೋಟ ಹಸುವಿನ ಹಾಲು, 268. ಅವಳ ಪಾಲಿಗೆಂದೇ ತೆಗೆದಿಟ್ಟ ಗಟ್ಟಿ ಬೇಳೆ ಒಂದು ಸೌಟು, 100. ಎರಡು ಚಮಚ ತುಪ್ಪ, 90. ಒಂದು ಬಾಳೆಹಣ್ಣು, 90. ಸಾವಿರದ ಮೇಲೆ ಬಂತು, ಖರ್ಚು ಹೆಚ್ಚೇನೂ ಆಗಲಿಲ್ಲ. ಜೊತೆಗೆ ಸೊಪ್ಪು, ತರಕಾರಿ, ಬೇಕಾದಷ್ಟು ನೀರು. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ಬಿಡಿ.

ಅಂಗನವಾಡಿಯನ್ನೂ ಮರೆಯಬೇಡಿ. ಬಸುರಿ, ಬಾಣಂತಿಯರಿಗೆ ದಿನಕ್ಕೆ 600 ಕ್ಯಾಲೊರಿ, 18ರಿಂದ 20 ಗ್ರಾಂ ಸಸಾರಜನಕ ಸಿಗುವ ಹಾಗೆ ಪೂರಕ ಆಹಾರ ಕೊಡಬೇಕೆಂದು ಸರ್ಕಾರವೇ ಲೆಕ್ಕ ಹಾಕಿಟ್ಟಿದೆ. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಎಂಬ ಹೆಸರಿನಲ್ಲಿ ಬಿಸಿಯೂಟವೇ ಶುರುವಾಯಿತು. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಫೋನ್ ಪ್ರೋಗ್ರಾಮಿನಲ್ಲಿ ಮಕ್ಕಳ, ತಾಯಂದಿರ ಲೆಕ್ಕ ಬರೆಯುತ್ತಿದ್ದಾರೆ. ಊರ ಸೊಸೆ ಅಲ್ಲಿ ಹೋಗಿ ಹೇಗೆ ಕೂರುವುದು ಎಂದು ನಾದಿನಿ ಸ್ವಲ್ಪ ಮುಖ ಸಿಂಡರಿಸಿದಳು. ಆಮೇಲೆ ತಾನೇ ಕೂಸನ್ನು ಎತ್ತಿಕೊಂಡು ಜೊತೆಗೆ ಹೋದಳು.

ನಾದಿನಿಯನ್ನು ದೂರಬೇಡಿ. ಅವಳು ಕೆಟ್ಟವಳಲ್ಲ. ಅವಳು ಸೊಸೆಯಾಗಿದ್ದಾಗಲೂ ಕೊನೆಗೆ ಕೂತವಳೇ. ತಪ್ಪಲೆಯಲ್ಲಿ ಎಷ್ಟು ಉಳಿದಿತ್ತು ಎಂದು ಅವಳನ್ನೂ ಯಾರೂ ಕೇಳಿರಲಿಲ್ಲ. ಈಗ ಮಾಡುವುದೇನೆಂದರೆ, ಬಡಿಸುವ ಮುಂಚೆಯೇ ಸೊಸೆಯ ಬೇಳೆ, ಪಲ್ಯ ಒಂದು ಬಟ್ಟಲಿಗೆ ತೆಗೆದು ಮುಚ್ಚಿಡುತ್ತಾಳೆ. ಪ್ರೋಗ್ರಾಮಿಗೂ ಇದರಿಂದ ಒಂದು ಪ್ರಶ್ನೆ ಬಂತು. ರಾತ್ರಿ ಲೆಕ್ಕ ಬರೆಯುವಾಗ ಮನೆಯ ಎಲ್ಲರಲ್ಲಿ ಮೊದಲು ಕೊನೆಗೆ ಉಂಡವರ ಹೆಸರನ್ನೇ ಅದು ಕೇಳುತ್ತದೆ.

ಫೋನು ಬೇಡ ಎನ್ನುವವರು ಒಂದು ಹಳೆಯ ನೋಟ್‌ಬುಕ್ಕಿನಲ್ಲೇ ಮಾಡಬಹುದು. ಎರಡು ಸಾಧಾರಣ ದಿನ, ಒಂದು ಹಬ್ಬವೋ ನೆಂಟರೋ ಬಂದ ದಿನ, ಹೀಗೆ ಮೂರು ದಿನ. ಬೇಯಿಸುವ ಮುಂಚೆ ಅಕ್ಕಿ, ಹಿಟ್ಟು, ಬೇಳೆ, ಕಾಯಿ ತೂಗಿ ಬರೆಯಿರಿ. ಎಷ್ಟು ಪಾಲಾಯಿತು, ನಿಮ್ಮ ಪಾಲಿಗೆ ಎಷ್ಟು ಬಂತು ಎಂದು ಬರೆಯಿರಿ. ಉಳಿದದ್ದು ಬಳಿದದ್ದು ಬೇರೆ ಸಾಲಿನಲ್ಲಿ. ಎಣ್ಣೆ, ಸಕ್ಕರೆಗೆ ದಿನಸಿ ಚೀಟಿ. ಒಪ್ಪತ್ತಿನ ದಿನವಾದರೆ ಸಂಜೆಯ ಅವಲಕ್ಕಿ, ಸಬ್ಬಕ್ಕಿಯನ್ನೂ ಬಿಡಬೇಡಿ, ಉಪವಾಸ ಎಂದ ಮಾತ್ರಕ್ಕೆ ಅದರ ಕ್ಯಾಲೊರಿ ಎಲ್ಲಿಗೂ ಹೋಗುವುದಿಲ್ಲ! ಮೂರು ದಿನವಾದ ಮೇಲೆ ತಕ್ಕಡಿ ಅಟ್ಟಕ್ಕೆ. ಜೀವನವಿಡೀ ತುತ್ತು ಎಣಿಸುತ್ತಾ ಕೂರುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಹುಡುಗಿಯ ಪ್ರೋಗ್ರಾಮಿನಲ್ಲೂ "ಸಾಕು" ಎಂದು ಒಂದು ಗುಂಡಿ ಇದೆ, ಒತ್ತಿದರೆ ಆರು ತಿಂಗಳು ತೆಪ್ಪಗಿರುತ್ತದೆ.

ಅವಳ ಪ್ರೋಗ್ರಾಮು ಇನ್ನೂ ಮುಗಿದಿಲ್ಲ. ಮುದ್ದೆಗೆ ಹಿರಿಯೂರು, ಚಿತ್ರದುರ್ಗದ ಎರಡೇ ಅಳತೆ ಇವೆ. ನಿಮ್ಮಿಂದ ಒಂದು ಉಪಕಾರ ಆಗಬೇಕು. ಈ ವಾರ ಒಂದು ದಿನ ಮುದ್ದೆಗೆ ಹಿಟ್ಟು ಹಾಕುವ ಮುಂಚೆ ತೂಗಿ, ಎಷ್ಟು ಮುದ್ದೆ ಆಯಿತು ಎಂದು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿ. ಹಿಟ್ಟಿನ ತೂಕ, ಮುದ್ದೆಯ ಸಂಖ್ಯೆ, ಊರಿನ ಹೆಸರು ಇಷ್ಟಿದ್ದರೆ ಸಾಕು. ನುಚ್ಚೋ ಅನ್ನವೋ ಬೆರೆಸಿ ಮಾಡುವವರು ಅದನ್ನೂ ಸೇರಿಸಿ ಬರೆಯಿರಿ.